ಯಾವ ಫೋನಿನವರು ನೀವು?

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಡಿಗೆ ಮನೆ ಹುಡುಕಿದವರಿಗೆ ಒಂದು ಪ್ರಶ್ನೆ ಚೆನ್ನಾಗಿ ಗೊತ್ತಿರುತ್ತದೆ. ಮನೆ ಓನರ್ ಬಾಗಿಲಲ್ಲೇ ನಿಂತು, ಮುಖದ ತುಂಬ ನಗು ತುಂಬಿಕೊಂಡು, 'ನೀವು ವೆಜ್ಜಾ?' ಅನ್ನುತ್ತಾರೆ. ನಿಮ್ಮ ಊಟದ ಮೇಲೆ ಅವರಿಗೆ ಅಂಥ ಆಸಕ್ತಿಯೇನೂ ಇಲ್ಲ. ಕೇಳಬೇಕೆಂದಿರುವುದೇ ಬೇರೆ. ಅದನ್ನು ನೇರವಾಗಿ ಕೇಳುವುದಕ್ಕೆ ಈಗ ಸ್ವಲ್ಪ ಸಂಕೋಚ. ಹಾಗಾಗಿ ಅಡುಗೆಮನೆಯ ದಾರಿಯಿಂದ ಬಂದು ಜಾತಿಯ ಬಾಗಿಲು ತಟ್ಟುತ್ತಾರೆ. ಹಳ್ಳಿಗಳಲ್ಲಿ ಇಷ್ಟು ಸುತ್ತುಬಳಸು ಇರಲಿಲ್ಲ. 'ಯಾವೂರು? ಯಾರ ಮಗ? ಯಾರ ಪೈಕಿ?' ಮೂರು ಪ್ರಶ್ನೆ ಮುಗಿಯುವ ಹೊತ್ತಿಗೆ ನಿಮ್ಮನ್ನು ಕೂರಿಸುವ ಜಾಗ, ನೀರು ಕೊಡುವ ಲೋಟ ಎರಡೂ ತೀರ್ಮಾನವಾಗಿರುತ್ತಿದ್ದವು.

ನಾನು ಜಾತಿಯ ಬಗ್ಗೆ ಬರೆಯಲು ಕೂತಿಲ್ಲ. ನಿಮ್ಮ ಕೈಯಲ್ಲಿರುವ ಫೋನಿಗೆ ಅದರೊಳಗಿನ ಆ್ಯಪ್‌ಗಳು ನಿಮಗೆ ಗೊತ್ತಾಗದ ಹಾಗೆ ಕೇಳುವ ಪ್ರಶ್ನೆಯೊಂದರ ಬಗ್ಗೆ ಬರೆಯುತ್ತಿದ್ದೇನೆ. ನೀವು ಆ್ಯಪ್ ತೆರೆದು, ಮೊದಲ ಪರದೆ ಮೂಡುವ ಮುಂಚೆಯೇ, ಅದು ಫೋನನ್ನು ಕೇಳಿ ಆಗಿರುತ್ತದೆ: 'ನೀನು ಯಾವ ಮಾಡೆಲ್?' ಫೋನು ಹೇಳಿಯೂ ಆಗಿರುತ್ತದೆ. ನಿಮ್ಮನ್ನು ಯಾರೂ ಕೇಳುವುದಿಲ್ಲ. ಕ್ಯಾಮೆರಾ ಬೇಕಾದರೆ ಅನುಮತಿ ಕೇಳಬೇಕು, ಮೈಕ್ ಬೇಕಾದರೆ ಕೇಳಬೇಕು, ನೀವೆಲ್ಲಿದ್ದೀರಿ ಎಂದು ತಿಳಿಯಲೂ ಕೇಳಬೇಕು. ಮಾಡೆಲ್ ತಿಳಿಯಲು ಯಾವ ಅನುಮತಿಯೂ ಬೇಡ. ಅದು ಅಷ್ಟೇನೂ ಮುಖ್ಯವಲ್ಲದ ಸಂಗತಿ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ತಕರಾರು ಇರುವುದು ಈ ಒಪ್ಪಿಗೆಯ ಬಗ್ಗೆ.

ಆ್ಯಂಡ್ರಾಯ್ಡ್ ಫೋನಿನಲ್ಲಿ ಈ ಉತ್ತರ ಕಟ್ಟಿಟ್ಟ ಬುತ್ತಿಯಂತೆ ಸಿದ್ಧವಾಗಿರುತ್ತದೆ. ತಯಾರಿಸಿದವರು ಯಾರು, ಬ್ರಾಂಡ್ ಯಾವುದು, ಮಾಡೆಲ್ ಯಾವುದು. ಆ್ಯಪ್ ಬರೆಯುವವನು 'ಬಿಲ್ಡ್ ಡಾಟ್ ಮಾಡೆಲ್' ಎಂದು ಬರೆದರೆ ಮುಗಿಯಿತು. ಕೈಯಲ್ಲಿರುವುದು ಗ್ಯಾಲಕ್ಸಿ ಎಸ್9 ಆಗಿದ್ದರೆ 'ಎಸ್‌ಎಂ-ಜಿ960ಎಫ್' ಎಂಬಂಥ ಒಂದು ಉತ್ತರ ಬಂದು ಬೀಳುತ್ತದೆ. ಐಫೋನ್ ಸ್ವಲ್ಪ ಬಿಗುಮಾನದ್ದು. ಮುಂಬಾಗಿಲಲ್ಲಿ ನಿಂತು ಕೇಳಿದರೆ 'ನಾನು ಐಫೋನ್' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಿತ್ತಲ ಕಡೆಯಿಂದ, ಅಂದರೆ ಯುನಿಕ್ಸ್ ಕಾಲದ ಒಂದು ಹಳೆಯ ಕರೆಯ ಮೂಲಕ ಕೇಳಿದರೆ 'ಐಫೋನ್10,3' ಎನ್ನುತ್ತದೆ. ಅದು ಐಫೋನ್ ಎಕ್ಸ್. 'ಐಫೋನ್10,1' ಎಂದರೆ ಮಾತ್ರ ಐಫೋನ್ 8. ಈ ಗುಪ್ತನಾಮಗಳಿಗೆಲ್ಲ ಅರ್ಥ ಬರೆದಿಟ್ಟುಕೊಂಡ ನಿಘಂಟುಗಳನ್ನು ಪ್ರಪಂಚದ ತುಂಬ ಪ್ರೋಗ್ರಾಮರ್‌ಗಳು ಸಾಕುತ್ತಾರೆ. ಪ್ರತಿವರ್ಷ ಹೊಸ ಐಫೋನ್ ಬಂದಾಗ ನಾಲ್ಕಾರು ಸಾಲು ಸೇರಿಸುತ್ತಾರೆ. ಅಂಥದೊಂದು ನಿಘಂಟನ್ನು ನಾನೂ ಸುಮಾರು ವರ್ಷ ಸಾಕಿದ್ದೇನೆ. ಹಾಗಾಗಿ ಮುಂದೆ ಬಯ್ಯುವುದೆಲ್ಲ ನನಗೂ ಸೇರಿಯೇ.

ಯಾಕೆ ಸಾಕಿದೆವು ಎಂದರೆ, ಮೊದಮೊದಲು ಅದಕ್ಕೊಂದು ಪ್ರಾಮಾಣಿಕ ಕಾರಣವಿತ್ತು. ಪರದೆಯ ಮೇಲೆ ಎಲ್ಲವೂ ನೆಟ್ಟಗೆ ಕೂರಬೇಕು. ಐಫೋನ್ 5 ಬಂದ 2012ರ ತನಕ ಎಲ್ಲ ಐಫೋನುಗಳ ಪರದೆಯೂ ಒಂದೇ ಅನುಪಾತದ್ದು. ಐದು ಬಂದಾಗ ಫೋನು ಉದ್ದವಾಯಿತು, ಹಳೆಯ ಆ್ಯಪ್‌ಗಳ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು. 2017ರಲ್ಲಿ ಐಫೋನ್ ಎಕ್ಸ್ ಬಂದಾಗ ನೆತ್ತಿಯಲ್ಲೊಂದು ಕಚ್ಚು ಬಂತು, ನಮ್ಮ ಗುಂಡಿಗಳೆಲ್ಲ ಅದರಡಿ ಹೋಗಿ ಅವಿತವು. ಆಗ ನಾವು ಮಾಡಿದ್ದೇನು? ಪರದೆಯ ಎತ್ತರ 2436 ಪಿಕ್ಸೆಲ್ ಇದ್ದರೆ ಇದು ಐಫೋನ್ ಎಕ್ಸ್, ಹಾಗಿದ್ದರೆ ಗುಂಡಿಯನ್ನು ಇಷ್ಟು ಕೆಳಗಿಳಿಸು ಎಂದು ಬರೆದೆವು. ನಾನೊಬ್ಬನೇ ಅಲ್ಲ, ಆ ಸಂಖ್ಯೆ ಆ ವರ್ಷ ಒಂದು ಮಂತ್ರದಂತೆ ಕೈಯಿಂದ ಕೈಗೆ ದಾಟಿತು. ಮರುವರ್ಷ ಎಕ್ಸ್‌ಆರ್ ಬಂತು. ಅದರ ಎತ್ತರ 1792. ಎಕ್ಸ್‌ಎಸ್ ಮ್ಯಾಕ್ಸ್ ಬಂತು, 2688. ಎರಡಕ್ಕೂ ಕಚ್ಚು ಇತ್ತು, ನಮ್ಮ ಮಂತ್ರಕ್ಕೆ ಮಾತ್ರ ಅವು ಕಾಣಲಿಲ್ಲ. ಗುಂಡಿಗಳು ಮತ್ತೆ ಹೋಗಿ ಅವಿತವು.

ಇದನ್ನು ಬರೀ ಒಂದು ತಾಂತ್ರಿಕ ಎಡವಟ್ಟು ಎಂದು ನಾನು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಇದು ಪ್ರಶ್ನೆ ಕೇಳುವ ರೀತಿಯಲ್ಲೇ ಇರುವ ಐಬು. ನಮಗೆ ತಿಳಿಯಬೇಕಾಗಿದ್ದು 'ನಿನ್ನ ಪರದೆಯ ಯಾವ ಭಾಗ ಖಾಲಿ ಇದೆ?' ಎಂದು. ಕೇಳಿದ್ದು 'ನೀನು ಯಾರು?' ಎಂದು. ಖಾಲಿ ಜಾಗ ಎಷ್ಟಿದೆ ಎಂದು ನೇರವಾಗಿ ಹೇಳುವ ಸೌಲಭ್ಯವನ್ನು ಆ್ಯಪಲ್ ಆ ಫೋನಿನ ಜೊತೆಗೇ ಕೊಟ್ಟಿತ್ತು. ನಮಗೆ ಅದನ್ನು ಓದುವ ವ್ಯವಧಾನವಿರಲಿಲ್ಲ. ಹೆಸರು ಕೇಳಿ ಉಳಿದದ್ದನ್ನು ಊಹಿಸುವುದು ಸುಲಭ. ಎದುರು ಬಂದವನ ಸರ್‌ನೇಮ್ ಕೇಳಿ ಅವನು ಏನು ತಿನ್ನುತ್ತಾನೆ, ಹೇಗೆ ಮಾತಾಡುತ್ತಾನೆ, ಲೆಕ್ಕದಲ್ಲಿ ಎಷ್ಟು ಜಾಣ ಎಂದೆಲ್ಲ ನಿರ್ಧರಿಸುವ ಸೋಮಾರಿತನಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಹೆಸರು ಕೇಳುವ ಸಮಾಜದಲ್ಲಿ ಜನ ಹೆಸರು ಬದಲಿಸಿಕೊಳ್ಳುತ್ತಾರೆ. ಸರ್‌ನೇಮ್ ಬಿಟ್ಟು ಊರಿನ ಹೆಸರು ಇಟ್ಟುಕೊಳ್ಳುತ್ತಾರೆ, ಇನಿಷಿಯಲ್‌ಗಳ ಹಿಂದೆ ಅಡಗುತ್ತಾರೆ. ಯಂತ್ರಗಳೂ ಹಾಗೆಯೇ ಮಾಡಿವೆ ಎಂದರೆ ನೀವು ನಗಬಹುದು, ಆದರೆ ಇದು ನಡೆದ ಕಥೆ. 1990ರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಇತ್ತು. ಜಾಲತಾಣಗಳಿಗೆ ಹೋದಾಗ ಅದು ತನ್ನನ್ನು 'ಮೊಜಿಲ್ಲಾ' ಎಂದು ಪರಿಚಯಿಸಿಕೊಳ್ಳುತ್ತಿತ್ತು. ತಾಣಗಳು ಈ ಹೆಸರು ಕೇಳಿದರೆ ಮಾತ್ರ ಒಳ್ಳೆಯ ಪುಟ ಕೊಡುತ್ತಿದ್ದವು, ಉಳಿದವರಿಗೆ ತಂಗಳು. ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬಂದಾಗ ಅದಕ್ಕೂ ಒಳ್ಳೆಯ ಪುಟ ತೋರಿಸುವ ಶಕ್ತಿ ಇತ್ತು, ಆದರೆ ಹೆಸರು ಬೇರೆ. ಅದು ತಾನೂ ಮೊಜಿಲ್ಲಾ ಎಂದು ಹೇಳತೊಡಗಿತು. ಆಮೇಲೆ ಬಂದ ಕಾಂಕರರ್ ತಾನು 'ಗೆಕ್ಕೋ ಥರ' ಎಂದಿತು. ಸಫಾರಿ ಅದೆಲ್ಲವನ್ನೂ ಸೇರಿಸಿಕೊಂಡಿತು. ಕ್ರೋಮ್ ಬಂದು, ನಾನು ಸಫಾರಿಯೂ ಹೌದು ಎಂದಿತು. ಈವತ್ತು ನಿಮ್ಮ ಫೋನಿನ ಬ್ರೌಸರ್ ಯಾವುದೇ ಇರಲಿ, ಅದು ಯಾವುದೇ ತಾಣದ ಬಾಗಿಲಲ್ಲಿ ಮೊದಲು ಉಚ್ಚರಿಸುವ ಪದ ಮೊಜಿಲ್ಲಾ. ಮೂವತ್ತು ವರ್ಷದ ಸುಳ್ಳುಗಳ ವಂಶಾವಳಿಯನ್ನು ಅದು ಪ್ರತಿಸಲವೂ ಒಪ್ಪಿಸುತ್ತದೆ. 2019ರಿಂದ ಐಪ್ಯಾಡ್ ಕೂಡ ಸಫಾರಿಯಲ್ಲಿ ತಾನು ಮ್ಯಾಕ್ ಕಂಪ್ಯೂಟರ್ ಎಂದೇ ಹೇಳಿಕೊಳ್ಳುತ್ತಿದೆ. ಐಪ್ಯಾಡ್ ಎಂದರೆ ತಾಣಗಳು ಅದಕ್ಕೆ ಮಕ್ಕಳ ತಟ್ಟೆಯಲ್ಲಿ ಬಡಿಸುತ್ತಿದ್ದವು.

ಆ ಸುಳ್ಳುಗಳನ್ನು ನಾನು ದೂರುವುದಿಲ್ಲ. ಬಾಗಿಲಲ್ಲಿ ನಿಂತು ಕೇಳಿದವನ ತಪ್ಪು ಅದು.

ಸರಿಯಾದ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ಓದುಗರಿಗೆ ದೂರ ಹೋಗಬೇಕಿಲ್ಲ. 2010ರ ಆಸುಪಾಸಿನಲ್ಲಿ ಕನ್ನಡದ ಬ್ಲಾಗುಗಳನ್ನು ಫೋನಿನಲ್ಲಿ ಓದಲು ಹೋದವರಿಗೆ ಕಾಣುತ್ತಿದ್ದುದು ಚೌಕಗಳು. ಸಾಲು ಸಾಲು ಖಾಲಿ ಚೌಕಗಳು. ಫೋನಿನಲ್ಲಿ ಕನ್ನಡದ ಅಕ್ಷರವೂ ಇರಲಿಲ್ಲ, ಒತ್ತಕ್ಷರವನ್ನು ಅಡಿಗೆ ತಂದು ಕೂರಿಸುವ ಬುದ್ಧಿಯೂ ಇರಲಿಲ್ಲ. ಆಗ ಯಾರೋ ಯಾರಿಗೋ ಒಂದು ಉಪಾಯ ಹೇಳಿಕೊಟ್ಟರು. ಒಪೆರಾ ಮಿನಿ ಎಂಬ ಪುಟ್ಟ ಬ್ರೌಸರ್ ಹಾಕಿಕೊಂಡು, ಅದರ ವಿಳಾಸದ ಜಾಗದಲ್ಲಿ 'ಒಪೆರಾ ಕಾನ್ಫಿಗ್' ಎಂದು ಬರೆದು, ಸಂಕೀರ್ಣ ಲಿಪಿಗಳಿಗೆ ಚಿತ್ರಾಕ್ಷರ ಬಳಸು ಎಂಬ ಸಾಲಿಗೆ 'ಯೆಸ್' ಕೊಟ್ಟರೆ ಸಾಕು. ಕನ್ನಡವನ್ನು ದೂರದ ಸರ್ವರ್ ತಾನೇ ಬಿಡಿಸಿ, ಚಿತ್ರ ಮಾಡಿ ಕಳಿಸುತ್ತಿತ್ತು. ಎರಡು ಸಾವಿರ ರೂಪಾಯಿಯ ಗುಂಡಿ ಒತ್ತುವ ಫೋನಿನಲ್ಲಿ, ಹಾಸ್ಟೆಲಿನ ಹಾಸಿಗೆಯ ಮೇಲೆ, ಬಸ್ಸಿನ ಕೊನೆಯ ಸೀಟಿನಲ್ಲಿ ಜನ ಕನ್ನಡದ ಕತೆ, ಕವನ, ಜಗಳ ಎಲ್ಲವನ್ನೂ ಓದಿದರು. ಆ್ಯಂಡ್ರಾಯ್ಡ್‌ಗೆ ಕನ್ನಡ ಬಂದದ್ದು ಆಮೇಲೆ, 2012ರ 4.1ನೇ ಆವೃತ್ತಿಯಲ್ಲಿ. ಈ ಅಂತರದಲ್ಲಿ ನೂರಾರು ರೂಪಾಯಿ ಡೇಟಾ ಸುರಿದು ಓದಿದ ಒಬ್ಬ ನಾನು. (ಆ ಚಿತ್ರಾಕ್ಷರಗಳು ಡೇಟಾ ತಿನ್ನುತ್ತಿದ್ದವು. ಉಚಿತ ಎಂದು ಯಾರೂ ಹೇಳಿರಲಿಲ್ಲ.)

ಒಪೆರಾ ಮಿನಿ ನಿಮ್ಮ ಫೋನು ನೋಕಿಯಾವೋ ಮೈಕ್ರೋಮ್ಯಾಕ್ಸೋ ಎಂದು ಕೇಳಿ ಕನ್ನಡ ಕೊಡಲಿಲ್ಲ. ನಿನಗೆ ಈ ಲಿಪಿ ಬರೆಯಲು ಬರುತ್ತದೆಯೇ? ಬರುವುದಿಲ್ಲವೇ? ಇರಲಿ, ನಾನು ಬರೆದು ಕೊಡುತ್ತೇನೆ ಎಂದಿತು. ಅದೇ ಹೊತ್ತಿಗೆ, 2010ರಲ್ಲಿ, ಅಮೆರಿಕದ ವಿನ್ಯಾಸಕಾರ ಈಥನ್ ಮಾರ್ಕಾಟ್ ಇದೇ ತರ್ಕವನ್ನು ಜಾಲತಾಣಗಳ ವಿನ್ಯಾಸಕ್ಕೆ ಅನ್ವಯಿಸಿ ಬರೆದ ಲೇಖನ ಆ ಕ್ಷೇತ್ರವನ್ನೇ ಬದಲಿಸಿತು: ಯಂತ್ರದ ಹೆಸರು ನೋಡಬೇಡ, ಅಗಲ ನೋಡು, ಪುಟ ನೀರಿನಂತೆ ಪಾತ್ರೆಯ ಆಕಾರಕ್ಕೆ ಹೊಂದಲಿ. ಆ್ಯಂಡ್ರಾಯ್ಡ್ ಕೂಡ ಇದನ್ನೇ ಹೇಳುತ್ತದೆ. ಪರದೆಯ ಕಿರಿದಾದ ಬದಿ ಅದರ ಅಳತೆಯಲ್ಲಿ 600 ಘಟಕ ಮುಟ್ಟಿದರೆ ಟ್ಯಾಬ್ಲೆಟ್‌ನ ವಿನ್ಯಾಸ ತೋರಿಸು, ಇಲ್ಲದಿದ್ದರೆ ಫೋನಿನದು. 2019ರಲ್ಲಿ ಮಡಚುವ ಫೋನುಗಳು ಮಾರುಕಟ್ಟೆಗೆ ಬಂದ ಮೇಲಂತೂ ಹೆಸರಿನ ವಾದಕ್ಕೆ ಉಸಿರೇ ಇಲ್ಲ. ಮಡಚಿದರೆ ಫೋನು, ಬಿಚ್ಚಿದರೆ ಟ್ಯಾಬ್ಲೆಟ್. ಒಂದೇ ಮಾಡೆಲ್ ಸಂಖ್ಯೆ, ಎರಡು ಜನ್ಮ.

ಅಂದರೆ ವಿನ್ಯಾಸದ ಕೆಲಸಕ್ಕೆ ಮಾಡೆಲ್ ಹೆಸರು ಬಹುಪಾಲು ಬೇಕಾಗಿಯೇ ಇಲ್ಲ. ಆದರೂ ಆ್ಯಪ್‌ಗಳು ಕೇಳುವುದನ್ನು ನಿಲ್ಲಿಸಿಲ್ಲ. ಯಾಕೆ?

ಯಾಕೆಂದರೆ ಮಾಡೆಲ್ ಹೆಸರು ಫೋನಿನ ಬಗ್ಗೆ ಹೇಳುವುದಕ್ಕಿಂತ ಹೆಚ್ಚಾಗಿ ನಿಮ್ಮ ಜೇಬಿನ ಬಗ್ಗೆ ಹೇಳುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಮರಿಯಾನ್ ಬರ್ಟ್ರಾಂಡ್ ಮತ್ತು ಎಮಿರ್ ಕಮೆನಿಕಾ, 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಬಡವರನ್ನೂ ಸಿರಿವಂತರನ್ನೂ ಅವರು ಕೊಳ್ಳುವ ವಸ್ತುಗಳಿಂದ ಬೇರ್ಪಡಿಸಿ ಗುರುತಿಸಬಹುದೇ ಎಂಬುದು ಅವರ ಪ್ರಶ್ನೆಗಳಲ್ಲೊಂದು. 2016ರ ಅಂಕಿಅಂಶದಲ್ಲಿ, ಒಬ್ಬರು ಹೆಚ್ಚು ಆದಾಯದವರು ಎಂದು ಸೂಚಿಸುವುದರಲ್ಲಿ ಐಫೋನನ್ನು ಮೀರಿಸುವ ಬ್ರಾಂಡ್ ಬೇರೊಂದಿರಲಿಲ್ಲ. ಅದೊಂದನ್ನೇ ನೋಡಿ ಊಹಿಸಿದರೂ ನೂರಕ್ಕೆ 69 ಸಲ ಸರಿ. ಜರ್ಮನಿಯ ಇನ್ನೊಂದು ಅಧ್ಯಯನ, ಟೋಬಿಯಾಸ್ ಬರ್ಗ್ ಮತ್ತು ಸಂಗಡಿಗರದು, ಇನ್ನೂ ನೇರ. ಮೊದಲು ಸಾಮಾನು ಕಳಿಸಿ ಆಮೇಲೆ ಹಣ ಪಡೆಯುವ ಒಂದು ಆನ್‌ಲೈನ್ ಅಂಗಡಿಯ ಎರಡೂವರೆ ಲಕ್ಷಕ್ಕೂ ಹೆಚ್ಚು ಖರೀದಿಗಳನ್ನು ಅವರು ನೋಡಿದರು. ಆ್ಯಂಡ್ರಾಯ್ಡ್‌ನವರು ಬಾಕಿ ಉಳಿಸಿಕೊಳ್ಳುವ ಪ್ರಮಾಣ ಐಫೋನಿನವರಿಗಿಂತ ಹೆಚ್ಚಿತ್ತು. ಎಷ್ಟು ಹೆಚ್ಚೆಂದರೆ, ಸಾಲದ ಸ್ಕೋರಿನ ಪಟ್ಟಿಯಲ್ಲಿ ಸರಿಯಾಗಿ ಮಧ್ಯದಲ್ಲಿ ನಿಂತವನಿಗೂ ನೂರು ಜನರಲ್ಲಿ ಎಂಬತ್ತು ಜನರನ್ನು ಹಿಂದೆ ಹಾಕಿ ನಿಂತವನಿಗೂ ಇರುವ ವ್ಯತ್ಯಾಸದಷ್ಟು.

ಇದು ಲೆಕ್ಕವಾಗಿ ನಿಜ. ಹಾಗೆಂದು ಹೇಳಿದ ಕೂಡಲೇ ನಮ್ಮ ಪದವಿ ತರಗತಿಗಳಲ್ಲಿ ಸಂಖ್ಯಾಶಾಸ್ತ್ರ ಓದಿದ ಗೆಳೆಯರು, 'ಮತ್ತೇನು ತಪ್ಪು?' ಅನ್ನುತ್ತಾರೆ. ತಪ್ಪು ಏನೆಂದರೆ, ಸರಾಸರಿ ಯಾರ ಮನೆಯಲ್ಲೂ ವಾಸ ಮಾಡುವುದಿಲ್ಲ. ಆ ಫೋನು ಯಾರ ಕೈಯಲ್ಲಿದೆ ಎಂದು ಮಾಡೆಲ್ ಹೇಳುವುದಿಲ್ಲ. ನಮ್ಮಲ್ಲಿ ಫೋನು ಕೈಯಿಂದ ಕೈಗೆ ಇಳಿಯುವ ವಸ್ತು. ಅಣ್ಣ ಹೊಸದು ಕೊಂಡಾಗ ಹಳೆಯದು ತಂಗಿಗೆ, ಅವಳಿಂದ ಅಮ್ಮನಿಗೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗೆ ಒಂದೇ ಫೋನಿನ ಮುಂದೆ ಮೂರು ಮಕ್ಕಳು ಕೂತದ್ದನ್ನು ನೋಡಿದವರಿದ್ದೀರಿ. ಸೆಕೆಂಡ್ ಹ್ಯಾಂಡ್ ಐಫೋನನ್ನು ಕಂತಿನಲ್ಲಿ ಕೊಂಡು ಮೆಸ್ಸಿನ ಬಿಲ್ಲಿಗೆ ಪರದಾಡುವ ಹುಡುಗನೂ ಇದ್ದಾನೆ. ಹತ್ತೆಕರೆ ಅಡಿಕೆ ತೋಟವಿಟ್ಟುಕೊಂಡು ಗಾಜು ಒಡೆದ ಫೋನನ್ನು ರಬ್ಬರ್ ಬ್ಯಾಂಡ್ ಹಾಕಿ ಬಳಸುವ ಯಜಮಾನರೂ ಇದ್ದಾರೆ. ಅಡಿಕೆ ಯಜಮಾನರಿಗೆ ಸಾಲ ಸಿಕ್ಕೇ ಸಿಗುತ್ತದೆ, ಬಿಡಿ. ಪೆಟ್ಟು ಬೀಳುವುದು ಬೇರೆ ಯಾವ ದಾಖಲೆಯೂ ಇಲ್ಲದೆ ಫೋನೊಂದನ್ನೇ ಸಾಕ್ಷಿಯಾಗಿ ಹಿಡಿದು ನಿಂತವರಿಗೆ.

ದರದ ಮಾತಿಗೆ ಬರೋಣ. 2012ರಲ್ಲಿ ಆರ್ಬಿಟ್ಜ್ ಎಂಬ ಅಮೆರಿಕದ ಪ್ರವಾಸಿ ತಾಣದ ಬಗ್ಗೆ 'ವಾಲ್ ಸ್ಟ್ರೀಟ್ ಜರ್ನಲ್' ಒಂದು ವರದಿ ಮಾಡಿತು. ಮ್ಯಾಕ್ ಬಳಸುವವರು ಹೋಟೆಲಿನ ಒಂದು ರಾತ್ರಿಗೆ ಶೇಕಡ 30ರವರೆಗೂ ಹೆಚ್ಚು ಖರ್ಚು ಮಾಡುತ್ತಾರೆ ಎಂದು ಕಂಡುಕೊಂಡ ಆ ತಾಣ, ಅವರಿಗೆ ದುಬಾರಿ ಹೋಟೆಲುಗಳನ್ನು ಮೇಲೆ ಜೋಡಿಸಿ ತೋರಿಸುತ್ತಿತ್ತು. ಅದೇ ಕೋಣೆಗೆ ಬೇರೆ ದರ ಹಾಕಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಗ್ಗದ ಕೋಣೆಯನ್ನು ಕೆಳಗೆ ತಳ್ಳಿತು, ಅಷ್ಟೆ. ಅಂಗಡಿಯವನು ನಿಮ್ಮನ್ನು ನೋಡಿ ಅಗ್ಗದ ಸೀರೆಯ ಕಟ್ಟನ್ನು ಕಾಲಲ್ಲೇ ಹಿಂದೆ ಸರಿಸಿದ ಹಾಗೆ.

ನಮ್ಮಲ್ಲಿ ಇದು ದೊಡ್ಡ ಸುದ್ದಿಯಾದದ್ದು 2024ರ ಕೊನೆಯಲ್ಲಿ. ಒಂದೇ ಜಾಗದಿಂದ ಒಂದೇ ಜಾಗಕ್ಕೆ, ಐಫೋನಿನಲ್ಲಿ ಒಂದು ಬಾಡಿಗೆ, ಆ್ಯಂಡ್ರಾಯ್ಡ್‌ನಲ್ಲಿ ಇನ್ನೊಂದು ಎಂದು ಎರಡು ಫೋನು ಪಕ್ಕಪಕ್ಕ ಇಟ್ಟು ತೆಗೆದ ಫೋಟೋಗಳು ಹರಿದಾಡಿದವು. 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಮತ್ತು ಊಬರ್‌ಗೆ ನೋಟಿಸ್ ಕೊಟ್ಟಿತು. ಅದನ್ನು ಪ್ರಕಟಿಸಿದ ಗ್ರಾಹಕ ವ್ಯವಹಾರಗಳ ಸಚಿವರು ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ. ಎರಡೂ ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಫೋನು ನೋಡಿ ದರ ಹಾಕುವುದಿಲ್ಲ ಎಂದವು.

ಅವರ ಮಾತು ನಿಜವಿರಬಹುದು. ಬಾಡಿಗೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಎರಡು ಫೋನಿನ ಜಾಗದ ಗುರುತು ಹತ್ತು ಮೀಟರ್ ಆಚೀಚೆ ಇದ್ದರೂ ಬೇರೆ ಬರಬಹುದು, ಒಬ್ಬರಿಗೆ ಕೂಪನ್ ಇದ್ದು ಇನ್ನೊಬ್ಬರಿಗೆ ಇಲ್ಲದಿರಬಹುದು. ಎರಡು ಫೋನಿನ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ. ನನ್ನ ಸಿಟ್ಟು ಅದರ ಬಗ್ಗೆಯೇ. ಸಾಬೀತು ಮಾಡುವ ದಾರಿ ನಮಗಿಲ್ಲ, ಸುಳ್ಳೆಂದು ತೋರಿಸಿ ಕಂಪನಿಯ ಮರ್ಯಾದೆ ಉಳಿಸುವ ದಾರಿಯೂ ನಮಗಿಲ್ಲ. 2016ರಲ್ಲಿ ಊಬರ್‌ನ ಅರ್ಥಶಾಸ್ತ್ರಜ್ಞ ಕೀತ್ ಚೆನ್ ಒಂದು ರೇಡಿಯೋ ಸಂದರ್ಶನದಲ್ಲಿ, ಬ್ಯಾಟರಿ ಮುಗಿಯುತ್ತ ಬಂದವರು ಏರಿದ ದರವನ್ನೂ ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ತಮಗೆ ಗೊತ್ತು, ಆದರೆ ಅದನ್ನು ದರಕ್ಕೆ ಬಳಸುವುದಿಲ್ಲ ಎಂದಿದ್ದರು. ಬಳಸುವುದಿಲ್ಲ ಎಂಬುದನ್ನು ನಾವು ನಂಬಬೇಕು. ಗೊತ್ತು ಎಂಬುದು ಮಾತ್ರ ಖಚಿತ.

ಇಲ್ಲಿ ಒಂದು ಹಳೆಯ ಸಮರ್ಥನೆ ಬರುತ್ತದೆ. ಚಿಕ್ಕಪೇಟೆಯ ವ್ಯಾಪಾರಿ ನಿಮ್ಮ ಚಪ್ಪಲಿ ನೋಡಿ ದರ ಹೇಳುವುದಿಲ್ಲವೇ? ಆಟೋದವರು ಐಟಿಯವರನ್ನು ಕಂಡರೆ ಹತ್ತಿಪ್ಪತ್ತು ಜಾಸ್ತಿ ಕೇಳುವುದಿಲ್ಲವೇ? ಕೇಳುತ್ತಾರೆ. ಆದರೆ ವ್ಯಾಪಾರಿ ನಿಮ್ಮ ಚಪ್ಪಲಿ ನೋಡುವುದನ್ನು ನೀವೂ ನೋಡುತ್ತಿರುತ್ತೀರಿ. ನಮ್ಮಜ್ಜಿ ಸೀರೆ ಅಂಗಡಿಗೆ ಹೋಗುವಾಗ ಬೇಕಂತಲೇ ಕೈಬಳೆ ಬಿಚ್ಚಿಟ್ಟು ಹೋಗುತ್ತಿದ್ದಳು. ಪಕ್ಕದ ಹೆಂಗಸಿಗೆ ಎಷ್ಟಕ್ಕೆ ಕೊಟ್ಟ ಎಂದು ಕಿವಿಗೊಟ್ಟು ಕೇಳುತ್ತಿದ್ದಳು, ಎದ್ದು ಹೊರಟವಳಂತೆ ನಾಟಕ ಮಾಡುತ್ತಿದ್ದಳು, ಮೆಟ್ಟಿಲಿಳಿದ ಮೇಲೆ ವಾಪಸು ಕರೆಯಲಿ ಎಂದು ನಿಧಾನ ಹೆಜ್ಜೆ ಹಾಕುತ್ತಿದ್ದಳು. ಚೌಕಾಸಿ ಇಬ್ಬರ ಆಟ. ಆ್ಯಪಿನ ಪರದೆಯ ಮುಂದೆ ನೀವು ಒಬ್ಬರೇ; ಪಕ್ಕದವರಿಗೆ ಕಾಣುವ ಅಂಗಡಿಯೇ ಬೇರೆ. ಬಳೆ ಬಿಚ್ಚಿಡುವುದು ಎಲ್ಲಿ?

ಬಿಚ್ಚಿಡಲು ಸಾಧ್ಯವಿಲ್ಲವೆಂದೇನಲ್ಲ. ಬ್ರೌಸರ್‌ಗಳು ಇದನ್ನು ಕಲಿತಿವೆ. 2023ರಿಂದ ಆ್ಯಂಡ್ರಾಯ್ಡ್‌ನ ಕ್ರೋಮ್ ತಾಣಗಳಿಗೆ ಕಳಿಸುವ ಪರಿಚಯಪತ್ರದಲ್ಲಿ ಮಾಡೆಲ್ ಹೆಸರಿನ ಜಾಗದಲ್ಲಿ ಎಲ್ಲರಿಗೂ ಒಂದೇ ಅಕ್ಷರ ಹಾಕುತ್ತದೆ: 'ಕೆ'. ಏಳು ಸಾವಿರದ ಫೋನೂ ಕೆ, ಒಂದೂವರೆ ಲಕ್ಷದ ಫೋನೂ ಕೆ. ತಾಣಕ್ಕೆ ಮಾಡೆಲ್ ಬೇಕೇಬೇಕಿದ್ದರೆ ಪ್ರತ್ಯೇಕವಾಗಿ ಕೇಳಬೇಕು, ಕೇಳಿದ್ದು ದಾಖಲಾಗುವಂತೆ ಕೇಳಬೇಕು. ಇದು ಪರಿಪೂರ್ಣವಲ್ಲ, ಆದರೂ ಬಾಗಿಲಲ್ಲಿ ಸರ್‌ನೇಮ್ ಹೇಳದೆ ಒಳಗೆ ಬಿಡುವ ಮನೆ. ಇದೇ ಕಂಪನಿಯ ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳಿಗೆ ಮಾತ್ರ ಈ ನಿಯಮವಿಲ್ಲ. ಬ್ರೌಸರಿನಲ್ಲಿ ಸುಮ್ಮನೆ ಓದುತ್ತಿರುವಾಗ 'ನಮ್ಮ ಆ್ಯಪ್‌ನಲ್ಲಿ ತೆರೆಯಿರಿ' ಎಂದು ತಾಣಗಳು ಯಾಕೆ ಅಷ್ಟು ಗೋಗರೆಯುತ್ತವೆ ಎಂದು ಯೋಚಿಸಿದ್ದೀರಾ? ಕಾರಣ ಹಲವು ಇವೆ. ಇದೂ ಒಂದು.

ಆ್ಯಪಲ್ 2024ರಿಂದ ಒಂದು ಒಳ್ಳೆಯ ನಿಯಮ ತಂದಿದೆ. ಫೋನಿನ ಕೆಲವು ಸಂಗತಿಗಳನ್ನು ಕೇಳುವ ಆ್ಯಪ್ ಯಾಕೆ ಕೇಳುತ್ತಿದ್ದೇನೆ ಎಂದು ಮೊದಲೇ ಬರೆದುಕೊಡಬೇಕು: ಫೋನು ಕೊನೆಯ ಸಲ ಯಾವಾಗ ಶುರುವಾಯಿತು, ಎಷ್ಟು ಜಾಗ ಖಾಲಿ ಇದೆ, ಯಾವ ಕೀಬೋರ್ಡ್‌ಗಳಿವೆ ಇತ್ಯಾದಿ. ಯಾಕೆಂದರೆ ಇವನ್ನೆಲ್ಲ ಒಟ್ಟು ಸೇರಿಸಿದರೆ ಒಬ್ಬರನ್ನು ಬೆರಳಚ್ಚಿನಂತೆ ಗುರುತಿಸಬಹುದು. ಆ ಪಟ್ಟಿಯಲ್ಲಿ ಮಾಡೆಲ್ ಹೆಸರು ಇಲ್ಲ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಬ್ಬ ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಯನ್ನು ಕಾಯುತ್ತದೆ. ಮಾಡೆಲ್ ಹೆಸರೊಂದೇ ನಿಂತರೆ ಅದು ಯಾರನ್ನೂ ಗುರುತಿಸುವುದಿಲ್ಲ, ಲಕ್ಷಾಂತರ ಜನರ ಹತ್ತಿರ ಅದೇ ಫೋನಿದೆ ಎಂದು ವಾದಿಸುವುದು ವಕೀಲರಿಗೆ ಕಷ್ಟವಲ್ಲ. ಇದು ಜಾಣ ವಾದ. ಜಾತಿಯೂ ಯಾರೊಬ್ಬರನ್ನೂ ಗುರುತಿಸುವುದಿಲ್ಲ, ಲಕ್ಷಾಂತರ ಜನರಿಗೆ ಅದೇ ಜಾತಿಯಿದೆ.

ಮಾಡೆಲ್ ಕೇಳಲೇಬಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಆ್ಯಪ್ ಕುಸಿದುಬಿದ್ದಾಗ ಯಾವ ಫೋನಿನಲ್ಲಿ ಬಿತ್ತು ಎಂದು ತಿಳಿಯಬೇಕು. ಕೆಲವು ಮಾಡೆಲ್‌ಗಳ ಕ್ಯಾಮೆರಾಕ್ಕೆ ತಮ್ಮದೇ ಹುಚ್ಚು ಇರುತ್ತದೆ, ಚಿತ್ರ ತಲೆಕೆಳಗಾಗಿ ಬರುತ್ತದೆ, ಅದಕ್ಕೆ ಹೆಸರು ಹಿಡಿದೇ ಮದ್ದು ಅರೆಯಬೇಕು. ಆಸ್ಪತ್ರೆಯಲ್ಲಿ ವಯಸ್ಸು ಕೇಳಿದರೆ ಯಾರೂ ಬೇಸರಪಡುವುದಿಲ್ಲ. ಬ್ಯಾಂಕಿನ ಆ್ಯಪ್ ಫೋನಿನ ಬೀಗ ಒಡೆದಿದೆಯೇ ಎಂದು ನೋಡುವುದೂ ಸರಿ. ಆದರೆ ಅದು ಬೀಗದ ಪ್ರಶ್ನೆ, ಮಾಡೆಲಿನದ್ದಲ್ಲ. ರಿಪೇರಿಗಾಗಿ, ರಿಪೇರಿಯಾಗುವ ತನಕ ಕೇಳಿ. ದರ ಹಾಕುವ ಜಾಗಕ್ಕೆ, ಸಾಲ ಕೊಡುವ ಜಾಗಕ್ಕೆ, ಯಾರಿಗೆ ಏನು ಮೊದಲು ತೋರಿಸಬೇಕು ಎಂದು ನಿರ್ಧರಿಸುವ ಜಾಗಕ್ಕೆ ಆ ಹೆಸರು ಹೋಗಕೂಡದು. ಹೋಗುತ್ತದೆ ಎಂದಾದರೆ 'ನಿಮ್ಮ ಫೋನನ್ನು ನೋಡಿ ಈ ದರ ಹಾಕಿದ್ದೇವೆ' ಎಂದು ದರದ ಪಕ್ಕದಲ್ಲೇ, ಕನ್ನಡದಲ್ಲಿ, ಓದಲು ಬರುವ ಗಾತ್ರದಲ್ಲಿ ಬರೆಯಲಿ. ಬರೆಯುವ ಧೈರ್ಯವಿದ್ದರೆ ಮಾಡಲಿ.

ಬಾಗಿಲು ಮುಚ್ಚುವ ವಿಷಯವನ್ನೂ ಹೇಳಬೇಕು. ಪ್ಲೇ ಸ್ಟೋರ್‌ಗೆ ಆ್ಯಪ್ ಹಾಕುವವರಿಗೆ ಗೂಗಲ್ ಫೋನುಗಳದೊಂದು ಪಟ್ಟಿ ಕೊಡುತ್ತದೆ. ಸಾವಿರಾರು ಮಾಡೆಲ್‌ಗಳು. ಬೇಡವಾದ ಮಾಡೆಲ್‌ಗಳನ್ನು ಆರಿಸಿ ಹೊರಗಿಡಬಹುದು. ಇಷ್ಟಕ್ಕಿಂತ ಕಡಿಮೆ ಮೆಮೊರಿಯ ಫೋನುಗಳನ್ನೆಲ್ಲ ಒಂದೇ ಏಟಿಗೆ ಹೊರಗಿಡಬಹುದು. ಹೊರಗುಳಿದವರಿಗೆ ಕಾಣುವುದು ಒಂದು ಸಾಲು: ನಿಮ್ಮ ಸಾಧನಕ್ಕೆ ಈ ಆ್ಯಪ್ ಹೊಂದುವುದಿಲ್ಲ. ನಿಜಕ್ಕೂ ಓಡದ ಫೋನುಗಳೂ ಇರುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಎಷ್ಟೋ ಸಲ ಕಾರಣ ಅಷ್ಟು ಗಂಭೀರವಾಗಿರುವುದಿಲ್ಲ. ಅಗ್ಗದ ಫೋನಿನವರು ಒಂದು ಸ್ಟಾರ್ ಕೊಟ್ಟು ರೇಟಿಂಗ್ ಕೆಡಿಸುತ್ತಾರೆ ಎಂಬ ಭಯಕ್ಕೂ ಹೊರಗಿಡುತ್ತಾರೆ. ವ್ಯಾಪಾರದ ಒಪ್ಪಂದಕ್ಕೂ ಹೊರಗಿಡುತ್ತಾರೆ: 2018ರ ಆಗಸ್ಟ್‌ನಲ್ಲಿ ಫೋರ್ಟ್‌ನೈಟ್ ಆಟ ಆ್ಯಂಡ್ರಾಯ್ಡ್‌ಗೆ ಬಂದಾಗ ಮೊದಲ ಕೆಲವು ದಿನ ಸ್ಯಾಮ್‌ಸಂಗ್ ಗ್ಯಾಲಕ್ಸಿಯವರಿಗೆ ಮಾತ್ರ ಪ್ರವೇಶ, ಅಷ್ಟೇ ಬಲದ ಬೇರೆ ಫೋನು ಹಿಡಿದವರು ಹೊರಗೆ ಕಾದರು. ಆಟವಾದರೆ ಹೋಗಲಿ ಎನ್ನಬಹುದು. ಹಾಜರಾತಿಗೆ, ಫೀಸಿಗೆ, ಹಾಲ್ ಟಿಕೆಟ್ಟಿಗೆ ಆ್ಯಪ್ ಕಡ್ಡಾಯ ಮಾಡುವ ಕಾಲದಲ್ಲಿ ಆ ಒಂದು ಸಾಲು ಓದಿದ ವಿದ್ಯಾರ್ಥಿ ಎಲ್ಲಿಗೆ ಹೋಗಬೇಕು? ಗೆಳೆಯನ ಫೋನು ಕೇಳಬೇಕು. ಗೆಳೆಯನ ಫೋನಿನಲ್ಲಿ ತನ್ನ ಪಾಸ್‌ವರ್ಡ್ ಹಾಕಬೇಕು.

ನನ್ನ ನಿಘಂಟಿನ ಕಥೆ ಹೇಳಿ ಮುಗಿಸುತ್ತೇನೆ. ಎಕ್ಸ್‌ಆರ್ ಅವಾಂತರದ ಮೇಲೆ, ಆಗ ಕೆಲಸ ಮಾಡುತ್ತಿದ್ದ ಕಡೆ, ಒಂದು ಶುಕ್ರವಾರ ಕೂತು ಅದನ್ನು ಪೂರ್ತಿ ಕಿತ್ತುಹಾಕಿದೆ. ಸುಮಾರು ಮುನ್ನೂರು ಸಾಲು. ಪರದೆಯ ಖಾಲಿ ಜಾಗವನ್ನು ಕೇಳಿ ಅದಕ್ಕೆ ತಕ್ಕಂತೆ ಎಲ್ಲವನ್ನೂ ಜೋಡಿಸುವ ಹಾಗೆ ಮಾಡಿದೆ. ಹೊಸ ಆವೃತ್ತಿ ಹೊರಗೆ ಹೋಯಿತು. ಬಳಸುವವರಿಂದ ಒಂದೇ ಒಂದು ದೂರು ಬರಲಿಲ್ಲ. ವಿನ್ಯಾಸದವರಿಗೆ ಏನು ಬದಲಾಯಿತೆಂದೇ ಗೊತ್ತಾಗಲಿಲ್ಲ. ಟೆಸ್ಟಿಂಗ್‌ನ ಹುಡುಗಿಗೆ ಒಂದು ಐಪ್ಯಾಡ್‌ನಲ್ಲಿ ಒಂದು ಗುಂಡಿ ಕೊಂಚ ಎಡಕ್ಕೆ ಸರಿದದ್ದು ಕಂಡಿತು, ಐದು ನಿಮಿಷದಲ್ಲಿ ಸರಿ ಮಾಡಿದೆವು. ಮೂರನೇ ದಿನ ಮಾರ್ಕೆಟಿಂಗ್‌ನವರು ನನ್ನ ಮೇಜಿನ ಹತ್ತಿರ ಬಂದರು. ತಮ್ಮ ವರದಿಯಲ್ಲಿ 'ಡಿವೈಸ್' ಎಂಬ ಕಾಲಂ ಖಾಲಿಯಾಗಿದೆ, ಈ ವಾರದ ಆಫರ್ ಯಾರಿಗೆ ಕಳಿಸಬೇಕೆಂದು ತಿಳಿಯುತ್ತಿಲ್ಲ, ಸಂಜೆಯೊಳಗೆ ವಾಪಸು ಹಾಕಿಕೊಡಿ ಎಂದರು.